ಒಂದು ಫೋನ್, ಒಂದು ಪರದೆ, ನಲವತ್ತು ಮಕ್ಕಳು: ಉಚಿತ ಡಿಜಿಟಲ್ ಸಾಧನಗಳನ್ನು ತರಗತಿಗೆ ತರುವ ಸಮಗ್ರ ಮಾರ್ಗದರ್ಶಿ

ಶಿಕ್ಷಕರಿಗೆ ಉಚಿತ ಆನ್‌ಲೈನ್ ಸಾಧನಗಳು ಅಂತ ಹುಡುಕಿ ನೋಡಿ. ಐವತ್ತು, ನೂರು ಹೆಸರುಗಳ ಪಟ್ಟಿಗಳು ಬಂದು ಬೀಳುತ್ತವೆ. ಓದುತ್ತಾ ಹೋದಂತೆ ಗೊತ್ತಾಗುತ್ತದೆ, ಬಹಳಷ್ಟಕ್ಕೆ ಪ್ರತಿ ಮಗುವಿನ ಕೈಯಲ್ಲೂ ಒಂದು ಟ್ಯಾಬ್ ಬೇಕು, ಶಾಲೆಯಲ್ಲಿ ಒಳ್ಳೇ ವೈಫೈ ಬೇಕು, ಮಕ್ಕಳಿಗೆ ಇಂಗ್ಲಿಷ್ ಸಲೀಸಾಗಿ ಬರಬೇಕು. ನಮ್ಮ ಎಷ್ಟೋ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇರುವುದು ಮೇಷ್ಟ್ರ ಜೇಬಿನ ಫೋನು, ಅದೃಷ್ಟ ಇದ್ದರೆ ದಾನಿಗಳು ಕೊಟ್ಟ ಒಂದು ಟಿವಿ ಅಥವಾ ಪ್ರೊಜೆಕ್ಟರ್, ಜೊತೆಗೆ ಬಂದು ಹೋಗುವ ಕರೆಂಟು.

ಅಂಥ ತರಗತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಸಾಧನಗಳನ್ನು ಆರಿಸಿದ್ದೇನೆ. ದುಡ್ಡು ಕೇಳಬಾರದು. ಒಂದೇ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ನಡೆಯಬೇಕು. ಆದಷ್ಟೂ ಕನ್ನಡದಲ್ಲಿ ಸಿಗಬೇಕು, ಪಾಠದ ಹೊತ್ತಿಗೆ ನೆಟ್ ಇಲ್ಲದಿದ್ದರೂ ಓಡಬೇಕು. ಇಷ್ಟನ್ನು ಜರಡಿ ಹಿಡಿದರೆ ಆ ಉದ್ದದ ಪಟ್ಟಿಯಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಅಷ್ಟೇ ಸಾಕು ಕೂಡ.

ಹಂತ 1: ಮೊದಲು ಪ್ರಶ್ನೆ, ಆಮೇಲೆ ಆ್ಯಪ್

ಆ್ಯಪ್ ಹುಡುಕುವುದಕ್ಕೆ ಮುಂಚೆ ಪಠ್ಯಪುಸ್ತಕ ತೆಗೆಯಿರಿ. ಪ್ರತಿ ವರ್ಷ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಆ ಜಾಗವನ್ನು ಒಂದು ಪ್ರಶ್ನೆಯಾಗಿ ಬರೆದುಕೊಳ್ಳಿ. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ಅಂದುಕೊಳ್ಳೋಣ. ಒಂದರ ಹಿಂದೆ ಒಂದು ಎರಡು ಬಲ್ಬ್ ಜೋಡಿಸಿದರೆ, ಕರೆಂಟು ಮೊದಲ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗಿ ಎರಡನೆಯದಕ್ಕೆ ಕಡಿಮೆ ಸಿಗುತ್ತದಾ? ಸೂತ್ರ ಬಾಯಿಪಾಠ ಮಾಡಿದ ಮಕ್ಕಳೂ ಇದಕ್ಕೆ ‘ಹೌದು’ ಅನ್ನುತ್ತಾರೆ. ಇಂಥ ಪ್ರಶ್ನೆ ಸಿಕ್ಕರೆ ಸಾಧನ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ಇನ್ನೊಂದು ಪರೀಕ್ಷೆ ಇದೆ. ನಿಜವಾದ ವಸ್ತು ಕೈಗೆ ಸಿಗುವಾಗ ಪರದೆ ಬೇಡ. ಎಲೆಯ ನಾಳಗಳನ್ನು ತೋರಿಸಲು ವಿಡಿಯೋ ಯಾಕೆ, ಶಾಲೆ ಅಂಗಳದಲ್ಲೇ ಹೊಂಗೆ ಮರ ಇದೆಯಲ್ಲ! ಕಣ್ಣಿಗೆ ಕಾಣದ್ದು, ತುಂಬಾ ದೊಡ್ಡದು, ಅಪಾಯದ್ದು, ಆಗಲು ವರ್ಷಗಳು ಹಿಡಿಯುವಂಥದ್ದು, ಇವಕ್ಕೆ ಮಾತ್ರ ಪರದೆ ಇಟ್ಟುಕೊಳ್ಳಿ. ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಕಲಿಸುವ ಅರವಿಂದ ಗುಪ್ತಾ ಅವರ ಜಾಲತಾಣವನ್ನು ಒಮ್ಮೆ ನೋಡಿ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಆಟಿಕೆಗಳ ಚಿತ್ರ, ವಿಡಿಯೋ, ಪುಸ್ತಕ ಎಲ್ಲವೂ ಉಚಿತ. ಎಷ್ಟೋ ಪಾಠಕ್ಕೆ ನೀವು ಅದನ್ನು ಮನೆಯಲ್ಲಿ ನೋಡಿ, ಶಾಲೆಗೆ ಒಂದು ಸ್ಟ್ರಾ, ಒಂದು ಬಲೂನು ಒಯ್ದರೆ ಸಾಕು.

ಹಂತ 2: ಸಲಕರಣೆಯನ್ನು ಮುಂಚೆಯೇ ಪರೀಕ್ಷೆ ಮಾಡಿ

ಈ ಹಂತ ಬೇಸರದ್ದು, ಆದರೆ ಪಿರಿಯಡ್ ಹಾಳಾಗುವುದು ಇಲ್ಲೇ.

ಫೋನ್‌ನಿಂದ ಟಿವಿಗೆ ಕೇಬಲ್ ಹಾಕುವ ಯೋಚನೆ ಇದ್ದರೆ ಅಡಾಪ್ಟರ್ ಕೊಳ್ಳುವ ಮೊದಲು ವಿಚಾರಿಸಿ. ಟೈಪ್‌-ಸಿ ಪೋರ್ಟ್ ಇರುವ ಎಲ್ಲ ಫೋನ್‌ಗಳೂ ಚಿತ್ರವನ್ನು ಹೊರಗೆ ಕಳಿಸುವುದಿಲ್ಲ. ಕಡಿಮೆ ಬೆಲೆಯ ಬಹುಪಾಲು ಫೋನ್‌ಗಳಲ್ಲಿ ಆ ಸೌಲಭ್ಯ ಇರುವುದಿಲ್ಲ. ಅಂಥಲ್ಲಿ ಕಾಸ್ಟ್ ಮಾಡುವುದೊಂದೇ ದಾರಿ, ಅಂದರೆ ಕೇಬಲ್ ಇಲ್ಲದೆ ವೈಫೈ ಮೂಲಕ ಫೋನ್‌ನ ಚಿತ್ರವನ್ನು ಟಿವಿಗೆ ಕಳಿಸುವುದು. ಟಿವಿ ಮತ್ತು ಫೋನ್ ಒಂದೇ ವೈಫೈನಲ್ಲಿರಬೇಕು ಎಂದು ಕೇಳಿದರೆ ಇನ್ನೊಂದು ಫೋನ್‌ನ ಹಾಟ್‌ಸ್ಪಾಟ್‌ಗೆ ಎರಡನ್ನೂ ಜೋಡಿಸಿ. ಹಳೇ ಪ್ರೊಜೆಕ್ಟರ್‌ಗಳಲ್ಲಿ ವಿಜಿಎ ಮಾತ್ರ ಇರುತ್ತದೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಮಾತ್ರ. ನಡುವಿನ ಕನ್ವರ್ಟರ್ ಒಂದನ್ನು ಬೀರುವಿನಲ್ಲಿ ಇಟ್ಟಿರಿ.

ದನಿಯನ್ನು ಮರೆಯಬೇಡಿ. ಪ್ರೊಜೆಕ್ಟರ್‌ನ ಒಳಗಿನ ಸ್ಪೀಕರ್ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ. ಬೆಳಕಿನ ವಿಷಯಕ್ಕೆ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟುವುದಕ್ಕಿಂತ ಪರದೆಯನ್ನು ಕಿಟಕಿ ಇರುವ ಗೋಡೆಯ ಬದಿಗೇ ಇಡುವುದು ಸುಲಭ, ಆಗ ಬಿಸಿಲು ನೇರವಾಗಿ ಅದರ ಮೇಲೆ ಬೀಳುವುದಿಲ್ಲ. ಇನ್ನು ಕರೆಂಟು ಹೋದರೆ ಏನು ಮಾಡುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿರಿ. ಬೋರ್ಡಿನ ಮೇಲೆ ಅದೇ ಪ್ರಶ್ನೆಯನ್ನು ಮುಂದುವರಿಸುವಂತಿದ್ದರೆ ನಿಮ್ಮ ಪಾಠ ಗಟ್ಟಿಯಾಗಿದೆ ಎಂದೇ ಅರ್ಥ.

ಹಂತ 3: ವಿಜ್ಞಾನಕ್ಕೆ ಫೆಟ್

ಒಂದೇ ಒಂದು ಸಾಧನ ಕಲಿಯುವಷ್ಟು ಮಾತ್ರ ಪುರುಸೊತ್ತು ಇದ್ದರೆ ಫೆಟ್ (PhET) ಕಲಿಯಿರಿ ಎಂದು ಹೇಳುತ್ತೇನೆ. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೊ ಬೋಲ್ಡರ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಭೌತ, ರಸಾಯನ, ಜೀವಶಾಸ್ತ್ರ, ಗಣಿತದ ಪ್ರಯೋಗಗಳನ್ನು ಬೆರಳಿನಲ್ಲಿ ಎಳೆದಾಡುತ್ತಾ ಮಾಡುವ ಸಿಮ್ಯುಲೇಷನ್‌ಗಳು ಇಲ್ಲಿವೆ. ಕೆಲವು ಕನ್ನಡಕ್ಕೂ ಬಂದಿವೆ.

ಮನೆಯಲ್ಲಿ ಹೀಗೆ ಸಿದ್ಧ ಮಾಡಿಕೊಳ್ಳಿ:

1. ಫೆಟ್ ಜಾಲತಾಣದಲ್ಲಿ ನಿಮಗೆ ಬೇಕಾದ ಸಿಮ್ಯುಲೇಷನ್ ತೆರೆಯಿರಿ. ಅದರ ಪುಟದಲ್ಲೇ ಅನುವಾದಗಳ ಪಟ್ಟಿ ಇರುತ್ತದೆ. ಕನ್ನಡ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೂ ಗಾಬರಿ ಬೇಡ, ಪರದೆಯ ಮೇಲಿರುವ ಪದಗಳು ಹತ್ತೋ ಹದಿನೈದೋ ಇರುತ್ತವೆ. ಬೋರ್ಡಿನಲ್ಲಿ ಅವುಗಳ ಕನ್ನಡ ಬರೆದುಬಿಡಿ.
2. ಡೌನ್‌ಲೋಡ್ ಗುಂಡಿ ಒತ್ತಿ. ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಬರುತ್ತದೆ, ಕೆಲವೇ ಎಂಬಿ. ಬ್ರೌಸರ್ ಇದ್ದರೆ ಸಾಕು, ನೆಟ್ ಇಲ್ಲದೆ ಓಡುತ್ತದೆ.
3. ಆಂಡ್ರಾಯ್ಡ್ ಫೋನ್‌ನಲ್ಲಿ ಆ ಫೈಲ್ ಒತ್ತಿದಾಗ ಯಾವುದರಲ್ಲಿ ತೆರೆಯಲಿ ಎಂದು ಕೇಳುತ್ತದೆ. ಎಚ್‌ಟಿಎಂಎಲ್ ವ್ಯೂವರ್ ಬೇಡ, ಕ್ರೋಮ್ ಆರಿಸಿ.
4. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಇನ್ನೊಮ್ಮೆ ತೆರೆದು ನೋಡಿ. ಓಡಿದರೆ ನಾಳೆ ಶಾಲೆಯಲ್ಲೂ ಓಡುತ್ತದೆ.

ಆಪ್ ಸ್ಟೋರ್‌ನಲ್ಲಿ ಸಿಗುವ ಫೆಟ್ ಆ್ಯಪ್‌ಗೆ ದುಡ್ಡು ಕೇಳುತ್ತಾರೆ. ಈ ಫೈಲ್‌ಗಳಿದ್ದರೆ ಅದರ ಅಗತ್ಯ ಇಲ್ಲ.

ಈಗ ತರಗತಿಗೆ ಬರೋಣ. ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’ ತೆರೆದಿದ್ದೀರಿ. ಬ್ಯಾಟರಿ, ತಂತಿ, ಬಲ್ಬ್ ಎಳೆದು ತಂದು ಒಂದು ಮಂಡಲ ಕಟ್ಟಿ. ನೀಲಿ ಗುಂಡುಗಳು ತಂತಿಯೊಳಗೆ ಸಾಲಾಗಿ ಹರಿಯುತ್ತವೆ, ಅವೇ ಎಲೆಕ್ಟ್ರಾನ್‌ಗಳು. ಅಮ್ಮೀಟರ್ ಸೇರಿಸಿ. 9 ವೋಲ್ಟ್ ಬ್ಯಾಟರಿ, 10 ಓಮ್ ಬಲ್ಬ್ ಇಟ್ಟರೆ 0.90 ಆಂಪಿಯರ್ ತೋರಿಸುತ್ತದೆ.

ಇಲ್ಲಿ ನಿಲ್ಲಿಸಿ. ಪರದೆಯನ್ನು ಮುಟ್ಟಬೇಡಿ. ‘ಇದೇ ಸಾಲಿನಲ್ಲಿ ಇನ್ನೊಂದು ಅಂಥದೇ ಬಲ್ಬ್ ಹಾಕ್ತೀನಿ. ಯಾವುದು ಜಾಸ್ತಿ ಬೆಳಗುತ್ತೆ? ಮೊದಲನೆಯದಾ, ಎರಡನೆಯದಾ, ಎರಡೂ ಒಂದೇ ಥರನಾ?’ ಪ್ರತಿಯೊಬ್ಬರೂ ನೋಟ್ಸಿನಲ್ಲಿ ಉತ್ತರ ಬರೆಯಲಿ, ಪಕ್ಕದವರ ಹತ್ತಿರ ಜಗಳ ಆಡಲಿ. ಆಮೇಲೆ ಬಲ್ಬ್ ಸೇರಿಸಿ. ಎರಡೂ ಒಂದೇ ಸಮ ಮಂಕಾಗುತ್ತವೆ. ಅಮ್ಮೀಟರನ್ನು ಮೊದಲ ಬಲ್ಬಿನ ಮುಂದೆ ಇಟ್ಟರೂ 0.45, ಎರಡರ ನಡುವೆ ಇಟ್ಟರೂ 0.45, ಕೊನೆಯಲ್ಲಿ ಇಟ್ಟರೂ 0.45. ‘ಖರ್ಚಾಗುತ್ತೆ’ ಎಂದು ಬರೆದ ಮಕ್ಕಳು ಈಗ ತಾವಾಗಿಯೇ ಸಂಖ್ಯೆ ನೋಡಿ ತಲೆ ಕೆರೆದುಕೊಳ್ಳುತ್ತಾರೆ. ನಂತರ ಸಮಾಂತರವಾಗಿ ಜೋಡಿಸಿ. ಎರಡೂ ಬಲ್ಬ್ ಪೂರ್ತಿ ಬೆಳಗುತ್ತವೆ, ಒಟ್ಟು ಪ್ರವಾಹ 1.80 ಆಗುತ್ತದೆ. ಮನೆಯಲ್ಲಿ ಅಡುಗೆಮನೆ ಲೈಟ್ ಆರಿಸಿದರೆ ಪಡಸಾಲೆಯದು ಯಾಕೆ ಆರುವುದಿಲ್ಲ ಎಂದು ಈಗ ಕೇಳಿ.

ಇಲ್ಲೊಂದು ಮುಳ್ಳಿದೆ. ನೀಲಿ ಗುಂಡುಗಳು ಋಣ ತುದಿಯಿಂದ ಧನ ತುದಿಯ ಕಡೆ ಹೋಗುತ್ತವೆ, ಪಠ್ಯಪುಸ್ತಕದ ಬಾಣ ಅದಕ್ಕೆ ಉಲ್ಟಾ ಇರುತ್ತದೆ. ಯಾರಾದರೂ ಒಬ್ಬ ಹುಡುಗಿ ಇದನ್ನು ಹಿಡಿದೇ ಹಿಡಿಯುತ್ತಾಳೆ. ಅದೇ ಸಿಮ್ಯುಲೇಷನ್‌ನಲ್ಲಿ ಎಲೆಕ್ಟ್ರಾನ್ ಬದಲು ಸಾಂಪ್ರದಾಯಿಕ ಪ್ರವಾಹದ ಬಾಣ ತೋರಿಸುವ ಆಯ್ಕೆ ಇದೆ. ಎರಡನ್ನೂ ತೋರಿಸಿ, ಮುಚ್ಚಿಡಬೇಡಿ. ಬ್ಯಾಟರಿಯ ಎರಡು ತುದಿಗೆ ಬರೀ ತಂತಿ ಜೋಡಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಶಾರ್ಟ್ ಸರ್ಕ್ಯೂಟ್ ಎಂದರೇನು ಎಂದು ವಿವರಿಸುವ ಶ್ರಮವೇ ಉಳಿಯಿತು. ತರಗತಿಯಲ್ಲಿ ಸುಡದೆ ತೋರಿಸಲು ಬೇರೆ ದಾರಿ ಇಲ್ಲ, ಅಲ್ವಾ?

ಇಷ್ಟಕ್ಕೆ ಹದಿನೈದು ನಿಮಿಷ ಸಾಕು. ಉಳಿದ ಪಿರಿಯಡ್‌ನಲ್ಲಿ ಟಿವಿ ಆರಿಸಿ ಲೆಕ್ಕ ಮಾಡಿಸಿ. ಫೆಟ್‌ನಲ್ಲೇ ಇರುವ ‘ಓಮ್ಸ್ ಲಾ’ ಕೂಡ ಚೆಂದ. ರೋಧ ಹೆಚ್ಚಿಸಿದರೆ ಸೂತ್ರದಲ್ಲಿ ರೋಧದ ಅಕ್ಷರ ದೊಡ್ಡದಾಗುತ್ತದೆ, ಪ್ರವಾಹದ ಅಕ್ಷರ ಪುಟ್ಟದಾಗುತ್ತದೆ. ಅದನ್ನು ಎರಡು ನಿಮಿಷ ತೋರಿಸಿದರೆ ಸಾಕು.

ಹಂತ 4: ರೇಖಾಗಣಿತಕ್ಕೆ ಜಿಯೋಜೀಬ್ರಾ

ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಶುರು ಮಾಡಿದ ತಂತ್ರಾಂಶ ಇದು. ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಡ. ಫೋನ್‌ಗೂ ಇದೆ, ಲ್ಯಾಪ್‌ಟಾಪ್‌ಗೂ ಇದೆ.

ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಬಾಯಿಪಾಠ ಆಗಿರುವ ಪ್ರಮೇಯ. ಅದನ್ನು ಹೀಗೆ ತೋರಿಸಿ. ವೃತ್ತದ ಸಾಧನದಿಂದ ಒಂದು ವೃತ್ತ ಎಳೆಯಿರಿ. ಹೊರಗೆ ಒಂದು ಬಿಂದು ಇಡಿ. ‘ಟ್ಯಾಂಜೆಂಟ್ಸ್’ ಸಾಧನ ಆರಿಸಿ, ಮೊದಲು ಬಿಂದುವನ್ನು, ಆಮೇಲೆ ವೃತ್ತವನ್ನು ಮುಟ್ಟಿ. ಎರಡು ಸ್ಪರ್ಶಕಗಳು ಬರುತ್ತವೆ. ‘ಇಂಟರ್‌ಸೆಕ್ಟ್’ ಸಾಧನದಿಂದ ಅವು ವೃತ್ತವನ್ನು ಮುಟ್ಟುವ ಜಾಗ ಗುರುತಿಸಿ, ‘ಡಿಸ್ಟೆನ್ಸ್’ ಸಾಧನದಿಂದ ಎರಡೂ ಉದ್ದ ಅಳೆಯಿರಿ. ಈಗ ಹೊರಗಿನ ಬಿಂದುವನ್ನು ಎಳೆದಾಡಿ. ಉದ್ದಗಳು ಬದಲಾಗುತ್ತವೆ, ಆದರೆ ಎರಡೂ ಒಟ್ಟಿಗೇ ಬದಲಾಗುತ್ತವೆ.

ಅಸಲಿ ಮಜಾ ಮುಂದಿದೆ. ಬಿಂದುವನ್ನು ಮೆಲ್ಲಗೆ ವೃತ್ತದ ಹತ್ತಿರ ತನ್ನಿ, ಪರಿಧಿ ದಾಟಿಸಿ ಒಳಗೆ ಎಳೆಯಿರಿ. ಸ್ಪರ್ಶಕಗಳು ಮಾಯ! ‘ಸಾರ್, ಎಲ್ಲೋಯ್ತು?’ ಎಂದು ಕೇಳುವ ಮಗು ಅರ್ಧ ಪಾಠ ಕಲಿತಂತೆ. ಉತ್ತರ ಹೇಳಬೇಡಿ, ಒಳಗಿನ ಬಿಂದುವಿನಿಂದ ಒಂದು ಗೆರೆ ಎಳೆದು ನೋಡಲು ಹೇಳಿ. ಅದು ವೃತ್ತವನ್ನು ಎರಡು ಕಡೆ ಕತ್ತರಿಸಿಯೇ ತೀರುತ್ತದೆ.

ಎಷ್ಟು ಎಳೆದಾಡಿದರೂ ಅದು ಪ್ರಮೇಯದ ಸಾಧನೆ (ಪ್ರೂಫ್) ಅಲ್ಲ ಅನ್ನುವುದನ್ನು ಮಾತ್ರ ಹೇಳಬೇಕು. ಪರೀಕ್ಷೆಯಲ್ಲಿ ತ್ರಿಭುಜಗಳ ಸರ್ವಸಮತೆ ಬರೆಯಲೇಬೇಕು. ಎಳೆದಾಟದಿಂದ ನಂಬಿಕೆ ಹುಟ್ಟುತ್ತದೆ, ಅದಕ್ಕೆ ಕಾರಣ ಹುಡುಕುವುದು ಬೋರ್ಡಿನ ಕೆಲಸ.

ಹಂತ 5: ಓದಿಗೆ ಸ್ಟೋರಿವೀವರ್, ಪಠ್ಯಕ್ಕೆ ದೀಕ್ಷಾ

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಕಥೆಗಳ ತಾಣ ಸ್ಟೋರಿವೀವರ್. ಭಾಷೆ ಕನ್ನಡ ಎಂದು ಆರಿಸಿ, ಓದಿನ ಹಂತ 1ರಿಂದ 4ರವರೆಗೆ ಯಾವುದು ಬೇಕೋ ಹೇಳಿ. ಐದನೇ ತರಗತಿಯಲ್ಲಿದ್ದೂ ಅಕ್ಷರ ಕೂಡಿಸಿ ಓದುವ ಮಗುವಿಗೆ ಒಂದನೇ ಹಂತದ ಕಥೆ ಕೊಡಲು ಸಂಕೋಚ ಬೇಡ. ಪಿಡಿಎಫ್ ಇಳಿಸಿಕೊಂಡು ಟಿವಿಯಲ್ಲಿ ಹಾಕಬಹುದು, ಅಚ್ಚು ಹಾಕಿ ಗೋಡೆಗೆ ಅಂಟಿಸಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬರುವುದರಿಂದ, ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡರೆ ಯಾರ ಅಪ್ಪಣೆಯೂ ಬೇಕಿಲ್ಲ.

ಗಡಿ ಜಿಲ್ಲೆಯ ಶಾಲೆಗಳಿಗೆ ಇದರಲ್ಲಿ ಇನ್ನೊಂದು ಉಪಯೋಗ ಇದೆ. ಮನೆಯಲ್ಲಿ ತೆಲುಗು, ಮರಾಠಿ, ಉರ್ದು ಆಡುವ ಮಗುವಿಗೆ ಒಂದೇ ಕಥೆಯನ್ನು ಮೊದಲು ಮನೆಮಾತಿನಲ್ಲಿ ಕೇಳಿಸಿ, ಅದೇ ಚಿತ್ರಗಳ ಜೊತೆ ಕನ್ನಡದಲ್ಲಿ ಓದಿಸಬಹುದು. ಬೇಕಾದ ಭಾಷೆಯಲ್ಲಿ ಕಥೆ ಇಲ್ಲದಿದ್ದರೆ ಉಚಿತ ಖಾತೆ ಮಾಡಿಕೊಂಡು ನೀವೇ ಅನುವಾದ ಮಾಡಿ. ಚಿತ್ರ ಹಾಗೇ ಇರುತ್ತದೆ, ಕೆಳಗಿನ ಸಾಲು ಬದಲಾದರೆ ಆಯಿತು. ಏಳನೇ ತರಗತಿ ಮಕ್ಕಳಿಗೆ ಇದು ಒಳ್ಳೇ ಹೋಂವರ್ಕ್ ಕೂಡ.

ಕೇಂದ್ರ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ 2017ರಲ್ಲಿ ಬಂತು, ಶಿಕ್ಷಕರಿಗೆ ಹೊಸದಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಪುಸ್ತಕ ಹಳೆಯದಾಗಿ ಕೋಡ್ ಮಸುಕಾಗಿದ್ದರೆ ಅದರ ಕೆಳಗೆ ಆರು ಅಕ್ಷರ, ಅಂಕಿಗಳ ಒಂದು ಸಂಕೇತ ಇರುತ್ತದೆ, ಅದನ್ನೇ ಟೈಪ್ ಮಾಡಿ. ಬೇಕಾದ್ದನ್ನು ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೇರವಾಗಿಯೇ ಹೇಳುತ್ತೇನೆ, ಅಲ್ಲಿನ ವಿಡಿಯೋಗಳ ಗುಣಮಟ್ಟ ಒಂದೇ ಥರ ಇಲ್ಲ. ಕೆಲವು ಸೊಗಸಾಗಿವೆ, ಕೆಲವು ಪುಸ್ತಕವನ್ನೇ ಓದಿ ಹೇಳುತ್ತವೆ. ನೀವು ಪೂರ್ತಿ ನೋಡದ ವಿಡಿಯೋವನ್ನು ಮಕ್ಕಳ ಮುಂದೆ ಹಾಕಬೇಡಿ. ಇದರ ಜೊತೆಗೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿಯೂ ಇದೆ. ವಿಷಯವಾರು, ಕನ್ನಡದಲ್ಲಿ. ನಮ್ಮದೇ ರಾಜ್ಯದ ಶಿಕ್ಷಕರು ಕೈ ಜೋಡಿಸಿ ಬೆಳೆಸಿದ ಚಟುವಟಿಕೆಗಳು ಅಲ್ಲಿ ಸಿಗುತ್ತವೆ.

ನೆಟ್ ಸಿಗದ ಶಾಲೆಯಾದರೆ ಕಿವಿಕ್ಸ್ ಎಂಬ ಆ್ಯಪ್ ಹಾಕಿಕೊಳ್ಳಿ. ಇಡೀ ಕನ್ನಡ ವಿಕಿಪೀಡಿಯವನ್ನು ಫೋನ್‌ಗೆ ಇಳಿಸಿಟ್ಟುಕೊಂಡು ಓದಬಹುದು.

ಹಂತ 6: ಮಕ್ಕಳ ಕೈಯಲ್ಲಿ ಫೋನ್ ಇಲ್ಲದೆ ಕ್ವಿಜ್

ಕಹೂಟ್ ಥರದ ಆಟಗಳಿಗೆ ಮಕ್ಕಳ ಕೈಯಲ್ಲಿ ಸಾಧನ ಬೇಕು, ನಮಗೆ ಆಗದ ಮಾತು. ಅದಕ್ಕೆ ಬದಲು ಪ್ಲಿಕರ್ಸ್ ನೋಡಿ. ಅದರ ಜಾಲತಾಣದಿಂದ ಕಾರ್ಡುಗಳನ್ನು ಇಳಿಸಿ ಅಚ್ಚು ಹಾಕಿಸಿ. ಪ್ರತಿ ಕಾರ್ಡಿನಲ್ಲೂ ಬೇರೆ ಬೇರೆ ಕಪ್ಪು ಆಕಾರ, ಬೇರೆ ನಂಬರು. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ. ಮಗು ತನ್ನ ಉತ್ತರದ ಬದಿಯನ್ನು ಮೇಲೆ ಮಾಡಿ ಹಿಡಿಯುತ್ತದೆ. ನೀವು ನಿಂತಲ್ಲಿಂದಲೇ ಫೋನ್ ಕ್ಯಾಮೆರಾವನ್ನು ತರಗತಿಯ ಮೇಲೆ ನಿಧಾನಕ್ಕೆ ಹಾಯಿಸಿದರೆ ಯಾರು ಏನು ಉತ್ತರಿಸಿದರು ಎಂದು ದಾಖಲಾಗುತ್ತದೆ. ಅಕ್ಷರಗಳು ಸಣ್ಣದಾಗಿ ಅಚ್ಚಾಗಿರುತ್ತವೆ, ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಜಾಣೆಯ ಕೈ ನೋಡಿ ಕೈ ಎತ್ತುವ ಅಭ್ಯಾಸಕ್ಕೆ ಇಲ್ಲಿ ಜಾಗವೇ ಇಲ್ಲ.

ಮಾಡಿಕೊಳ್ಳುವಾಗ ಗಮನಿಸಿ: ಕಾರ್ಡನ್ನು ರಟ್ಟಿಗೆ ಅಂಟಿಸಿ, ಹೊಳೆಯುವ ಲ್ಯಾಮಿನೇಷನ್ ಬೇಡ, ಬೆಳಕು ಪ್ರತಿಫಲಿಸಿ ಕ್ಯಾಮೆರಾ ತಡವರಿಸುತ್ತದೆ. ಬೆರಳು ಕಪ್ಪು ಆಕಾರದ ಮೇಲೆ ಬರಬಾರದು. ಹಾಜರಿ ಸಂಖ್ಯೆಯನ್ನೇ ಕಾರ್ಡ್ ನಂಬರ್ ಮಾಡಿ, ಮಕ್ಕಳ ಹೆಸರು ತುಂಬುವ ಗೋಜೇ ಬೇಡ. ಇದಕ್ಕೆ ನೆಟ್ ಬೇಕು. ಉಚಿತ ಖಾತೆಯಲ್ಲಿ ಪ್ರಶ್ನೆಗಳ ಮಿತಿಯೂ ಇದೆ, ಆದರೆ ಪಾಠದ ಕೊನೆಗೆ ಮೂರು ಪ್ರಶ್ನೆಗಿಂತ ಜಾಸ್ತಿ ಯಾಕೆ? 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ವಿಜಿಜ್‌ನಲ್ಲೂ ಇಂಥದೇ ಕಾಗದದ ಕಾರ್ಡಿನ ವಿಧಾನ ಇದೆ. 2025ರಲ್ಲಿ ಅದು ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿದೆ, ಹಳೇ ಹೆಸರಿನಲ್ಲಿ ಹುಡುಕಿ ಗೊಂದಲ ಮಾಡಿಕೊಳ್ಳಬೇಡಿ.

ಗೂಗಲ್ ಫಾರ್ಮ್ ಎಲ್ಲರಿಗೂ ಗೊತ್ತು. ಒಂದೇ ಮಾತು ಹೇಳುತ್ತೇನೆ: ಮನೆಯಲ್ಲಿ ಕೀಪ್ಯಾಡ್ ಫೋನ್ ಮಾತ್ರ ಇರುವ ಮಗು ತರಗತಿಯಲ್ಲಿ ಒಬ್ಬರಿದ್ದರೂ ಫಾರ್ಮ್‌ನಲ್ಲಿ ಬಂದ ಅಂಕವನ್ನು ಯಾರಿಗೂ ಲೆಕ್ಕಕ್ಕೆ ಹಿಡಿಯಬೇಡಿ.

ಫಾರ್ಮ್‌ಗೆ ಹಳೇ ಪ್ರಶ್ನೆಪತ್ರಿಕೆಯಿಂದ ನಕಲು ಮಾಡಿ ಅಂಟಿಸಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಹೆದರಬೇಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫೈಲ್‌ಗಳಲ್ಲಿ ಇರುವುದು ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲ, ಅದಕ್ಕೇ ಹೀಗೆ. ಉಚಿತ ಪರಿವರ್ತಕಗಳು ನೆಟ್‌ನಲ್ಲಿ ಸಿಗುತ್ತವೆ, ಅದರಲ್ಲಿ ಹಾಕಿ ತೆಗೆದರೆ ಸರಿಯಾಗುತ್ತದೆ. ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ. ಹೊಸದಾಗಿ ಬರೆಯುವುದಾದರೆ ಫೋನ್‌ನ ಜಿಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಬಳಸಿ, ಟೈಪ್ ಮಾಡುವ ಸಮಯ ಎಷ್ಟೋ ಉಳಿಯುತ್ತದೆ. ಎಐ ಚಾಟ್‌ಬಾಟ್‌ಗಳಿಂದ ಪ್ರಶ್ನೆ ಬರೆಸುವವರು ಪ್ರತಿ ಪಾರಿಭಾಷಿಕ ಪದವನ್ನೂ ಪಠ್ಯಪುಸ್ತಕದ ಜೊತೆ ತಾಳೆ ನೋಡಲೇಬೇಕು. ಪರೀಕ್ಷೆಯಲ್ಲಿ ಬರುವುದು ಪುಸ್ತಕದ ಪದ.

ಹಂತ 7: ನಿಮ್ಮೂರಿನ ಕೆರೆ

ಸಮಾಜ ವಿಜ್ಞಾನದವರಿಗೆ ನನ್ನ ಅಚ್ಚುಮೆಚ್ಚಿನದು ಗೂಗಲ್ ಅರ್ಥ್ ಪ್ರೊ. ಮೊದಲು ವರ್ಷಕ್ಕೆ ನೂರಾರು ಡಾಲರ್ ಇತ್ತು, 2015ರಿಂದ ಉಚಿತ. ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ನಿಮ್ಮೂರನ್ನು ಹುಡುಕಿ. ಮೇಲಿನ ಪಟ್ಟಿಯಲ್ಲಿ ಗಡಿಯಾರದ ಗುರುತು ಒತ್ತಿದರೆ ವರ್ಷಗಳ ಪಟ್ಟಿ ತೆರೆಯುತ್ತದೆ, ಎಳೆದರೆ ಹಳೇ ಉಪಗ್ರಹ ಚಿತ್ರಗಳು. ಊರ ಕೆರೆಯ ಮೇಲೆ ನಿಲ್ಲಿಸಿ, ಅತ್ಯಂತ ಹಳೇ ಸ್ಪಷ್ಟ ಚಿತ್ರ ಮತ್ತು ಇತ್ತೀಚಿನ ಚಿತ್ರ ಎರಡರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಶಾಲೆಯಲ್ಲಿ ನೆಟ್ ಬೇಕಾಗುವುದೇ ಇಲ್ಲ.

ಇಲ್ಲಿ ಮೋಸ ಹೋಗುವುದು ಸುಲಭ. ಒಂದು ಚಿತ್ರ ಏಪ್ರಿಲ್‌ನದು, ಇನ್ನೊಂದು ಅಕ್ಟೋಬರ್‌ನದು ಆಗಿದ್ದರೆ ಕೆರೆ ಬತ್ತಿದ ಹಾಗೆಯೋ, ತುಂಬಿದ ಹಾಗೆಯೋ ಕಾಣುತ್ತದೆ. ಅದು ಬರೀ ಬೇಸಿಗೆ ಮಳೆಗಾಲದ ವ್ಯತ್ಯಾಸ. ಆದಷ್ಟೂ ಒಂದೇ ತಿಂಗಳ ಚಿತ್ರಗಳನ್ನು ಹೋಲಿಸಿ. ನೀರಿನ ಬದಲು ಕೆರೆಯ ಅಂಚು ನೋಡಿ: ಏರಿ ಎಲ್ಲಿದೆ, ಅಂಗಳದೊಳಗೆ ಹೊಲ ಬಂದಿದೆಯಾ, ಲೇಔಟ್ ಬಂದಿದೆಯಾ, ರಾಜಕಾಲುವೆ ಇನ್ನೂ ಕಾಣುತ್ತಾ? ಮಕ್ಕಳು ಎರಡೂ ಚಿತ್ರ ನೋಡಿ ಬರೆದದ್ದನ್ನು ಮನೆಯಲ್ಲಿ ಅಜ್ಜ ಅಜ್ಜಿಯರ ಹತ್ತಿರ ಕೇಳಿಕೊಂಡು ಬರಲಿ. ಉಪಗ್ರಹಕ್ಕೆ ಗೊತ್ತಿಲ್ಲದ ಕಾರಣಗಳು ಅಲ್ಲಿ ಸಿಗುತ್ತವೆ.

ಹಂತ 8: ಖಾತೆ, ಖಾಸಗಿತನ, ಹಂಚಿಕೆ

ಎಲ್ಲ ಖಾತೆಗಳೂ ನಿಮ್ಮ ಹೆಸರಿನಲ್ಲಿರಲಿ. ಮಕ್ಕಳ ಫೋಟೋ, ಹುಟ್ಟಿದ ದಿನಾಂಕ, ಪೋಷಕರ ನಂಬರು ಯಾವ ಆ್ಯಪ್‌ಗೂ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಮೇಲೆ ಹೇಳಿದ ಯಾವ ಕೆಲಸಕ್ಕೂ ಮಗುವಿನ ಹೆಸರು ಬೇಕಾಗುವುದಿಲ್ಲ. ತರಗತಿಯಲ್ಲಿ ಫೋನನ್ನು ಟಿವಿಗೆ ಜೋಡಿಸುವ ಮುನ್ನ ನೋಟಿಫಿಕೇಷನ್ ಬಂದ್ ಮಾಡುವುದನ್ನೂ ಮರೆಯಬೇಡಿ, ಮನೆಯ ವಾಟ್ಸ್‌ಆ್ಯಪ್ ಗುಂಪಿನ ಮೆಸೇಜು ನಲವತ್ತು ಮಕ್ಕಳ ಮುಂದೆ ಇಳಿದು ಬರುತ್ತದೆ!

ಇಳಿಸಿಕೊಂಡ ಫೈಲ್‌ಗಳನ್ನು ತರಗತಿ, ಪಾಠ ಎಂದು ಕನ್ನಡದಲ್ಲೇ ಹೆಸರಿಟ್ಟು ಒಂದು ಫೋಲ್ಡರ್‌ನಲ್ಲಿ ಜೋಡಿಸಿ. ಪ್ರತಿ ಫೈಲ್ ಜೊತೆ ನೀವು ಕೇಳಿದ ಪ್ರಶ್ನೆಯನ್ನೂ ಒಂದು ಸಾಲಿನಲ್ಲಿ ಬರೆದಿಡಿ, ಮುಂದಿನ ವರ್ಷ ನಿಮಗೇ ಬೇಕಾಗುತ್ತದೆ. ಕ್ಲಸ್ಟರ್ ಸಭೆಗೆ ಹೋಗುವಾಗ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ, ಪಕ್ಕದ ಶಾಲೆಯವರ ಹತ್ತಿರ ಇರುವುದನ್ನು ತುಂಬಿಸಿಕೊಂಡು ಬನ್ನಿ. ಲಿಂಕ್ ಕಳಿಸಿದರೆ ತೆರೆಯುವವರು ಕಡಿಮೆ, ಫೈಲ್ ಕೊಟ್ಟರೆ ಬಳಸುತ್ತಾರೆ.